ಮರಳ ರಾಶಿಯಲ್ಲಿ ಮೆಂತ್ಯೆ

ಮರಗಮ್ಮನಿಗೆ ಸಿಟ್ಟು ಬಂದು ಐವತ್ತು ದಿನವಾಗಿತ್ತು. ಇಳಿಯುವ ಲಕ್ಷಣ ಕಾಣುತ್ತಿರಲಿಲ್ಲ.

ತೊಂಬತ್ತಾರನೆಯ ಇಸವಿ. ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಏಳು ಮಾಳಿಗೆಯಾಗಬೇಕಿದ್ದ ಕಟ್ಟಡ ಎರಡನೆಯದಕ್ಕೇ ನಿಂತಿತ್ತು. ಜಾಗದ ತಂಟೆ ಕೋರ್ಟಿಗೆ ಹೋಗಿ ಸ್ಟೇ ಬಂದಿತ್ತು. ಕೆಲಸ ಮತ್ತೆ ಶುರುವಾಗುತ್ತದೋ, ಆಳುಗಳೆಲ್ಲ ಸಾನಪಾಡಾದ ಸೈಟಿಗೆ ಹೋಗಬೇಕೋ, ಹೇಳುವವರಿಲ್ಲ. ಅವರನ್ನು ಊರಿಂದ ಕರೆತಂದ ಮುಕಾದಮ ಸಿದ್ರಾಮನದು ಒಂದೇ ಉತ್ತರ.

"ಎರಡ್ ದಿನ ತಡಿಯವಾ. ಗಂಟು ಕಟ್ಟೇ ಇಟ್ಟಿರು."

ಗಂಟು ಕಟ್ಟೇ ಇತ್ತು. ತಗಡಿನ ಖೋಲಿಯ ಮೂಲೆಯಲ್ಲಿ ಪಾತ್ರೆ, ಕೌದಿ, ಡಬ್ಬಿ ಎಲ್ಲ ಒಂದು ಹಸಿರು ಸೀರೆಯೊಳಗೆ ಬಿಗಿದು ಕೂತಿದ್ದವು. ಹೊರಗಿದ್ದದ್ದು ಹಂಚು, ಕೊಡ, ಎರಡು ತಾಟು. ಚಿಟಿಕೆ ಉಪ್ಪು ಬೇಕಾದರೂ ಗಂಟು ಬಿಚ್ಚಬೇಕು, ಮತ್ತೆ ಕಟ್ಟಬೇಕು. ಪ್ರತಿಸಲವೂ ಅವಳ ಮೈಯೆಲ್ಲ ಉರಿಯುತ್ತಿತ್ತು.

ಸಿಂದಗಿ ಕಡೆಯಿಂದ ಬಂದು ಹನ್ನೊಂದು ವರ್ಷ. ಡೊಂಬಿವಲಿ, ಕಲ್ಯಾಣ, ವಾಶಿ ಎಂದು ಒಂಬತ್ತು ಕಟ್ಟಡಗಳಿಗೆ ಬುಟ್ಟಿ ಹೊತ್ತಿದ್ದಳು. ಕಲ್ಯಾಣದಲ್ಲಿ ಒಮ್ಮೆ ಹೀರೇಬಳ್ಳಿ ಹಚ್ಚಿದ್ದಳು. ಹೂ ಬಿಡುವ ಹೊತ್ತಿಗೆ ಮುಂದಿನ ಸೈಟಿಗೆ ಒಯ್ಯುವ ಟ್ರಕ್ಕು ಬಂದು ನಿಂತಿತ್ತು. ಅಂದಿನಿಂದ ಬೀಜ ಮುಟ್ಟಿರಲಿಲ್ಲ.

ಅಂಥವಳ ಕಣ್ಣಿಗೆ ಠಾಣೆಯ ಮಾರ್ಕೆಟಿನಲ್ಲಿ ಹೆಬ್ಬೆರಳೆತ್ತರದ ಮೆಂತ್ಯೆಯ ಕಟ್ಟುಗಳು ಬಿದ್ದವು. ಬೇರಿಗೆ ಮರಳು ಅಂಟಿತ್ತು. ಕೇಳಿದರೆ, ಮಾರುವ ಹೆಂಗಸು ಇದು ಮರಳಿನಲ್ಲೇ ಬೆಳೆಯುವುದು, ಹತ್ತು ದಿನ ಸಾಕು ಎಂದಳು.

ಸೈಟಿನಲ್ಲಿ ಮುಂಬ್ರಾದಿಂದ ತಂದ ಮರಳು ಗುಡ್ಡದ ಹಾಗೆ ಬಿದ್ದಿತ್ತು. ಅದರ ಮೇಲೆ ನಾಯಿಗಳು ಮಲಗುತ್ತಿದ್ದವು. ಮರಗಮ್ಮ ಎರಡು ಹಿಡಿ ಮೆಂತ್ಯೆ ನೆನೆಹಾಕಿ, ಮರುದಿನ ಮರಳಿಗೆ ಚೆಲ್ಲಿ, ಸುತ್ತ ಇಟ್ಟಿಗೆ ಇಟ್ಟಳು.

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ," ಎಂದ ಗಂಡ ಬಾಲಪ್ಪ. "ನಾಳೆ ಟ್ರಕ್ ಬಂದ್ರ?"

"ಬಂದ್ರ ಬರ್ಲಿ. ಇಷ್ಟ್ ವರ್ಷ ಬೀಜ ಹಾಕಲಾರದ ಏನ್ ಗಳಿಸೀನಿ?"

ನಾಲ್ಕನೆಯ ದಿನ ಹಸಿರು ಕಂಡಿತು. ಆ ಬೆಳಿಗ್ಗೆ ಅವಳು ಸಿಟ್ಟು ಮಾಡುವುದನ್ನೇ ಮರೆತಳು. ಮಧ್ಯಾಹ್ನ ರಸ್ತೆಯಲ್ಲಿ ಟ್ರಕ್ಕಿನ ಸದ್ದಾಯಿತು, ಓಡಿಹೋಗಿ ನೋಡಿದರೆ ಬೇರೆ ಯಾರದೋ. ಕಳೆದುಕೊಳ್ಳಲು ಏನೂ ಇಲ್ಲದಾಗಲೇ ಸುಖವಿತ್ತು ಎಂದು ಮೆಂತ್ಯೆಯನ್ನೂ ಬೈದು, ಅದಕ್ಕೇ ನೀರು ಹಾಕಿದಳು.

ಎಂಟನೆಯ ದಿನ ಸಿದ್ರಾಮ ಓಡಿಬಂದ. ಸ್ಟೇ ತೆರವಾಗಿತ್ತು, ಕಾಂಕ್ರೀಟು ಇವತ್ತೇ. ಬಾಲಪ್ಪ ಟವೆಲು ಸುತ್ತಿಕೊಂಡು ಹೊರಟೇಬಿಟ್ಟ. ಇದಕ್ಕಾಗಿ ಮರಗಮ್ಮ ಎಲ್ಲಮ್ಮನಿಗೆ ಕಾಯಿ ಹರಕೆ ಹೊತ್ತಿದ್ದಳು. ಈಗ ದೇವಿ ಕೊಟ್ಟಳು, ಮೆಂತ್ಯೆ ಇನ್ನೂ ಕೀಳುವ ಹಾಗಿರಲಿಲ್ಲ. ಸಲಿಕೆ ಹಿಡಿದವರು ಮರಳಿನತ್ತ ಬರುತ್ತಿದ್ದರು. ಅವಳು ಹೋಗಿ ಇಟ್ಟಿಗೆಯ ಪಕ್ಕ ಕೂತುಬಿಟ್ಟಳು.

"ಏಳವಾ, ರೇತಿ ಬೇಕು," ಎಂದ ಸಿದ್ರಾಮ.

"ಎರಡ್ ದಿನ ತಡೀರಿ."

"ಹುಚ್ಚು ಹಿಡದೈತೇನ? ಸೇಠ್ ಬಂದು ನಿಂತಾನ."

"ಐವತ್ತೆಂಟ್ ದಿನ ನಾ ತಡದೀನ್ರಿ, ಮುಕಾದಮರ. ನೀವು ಎರಡ್ ದಿನ ತಡೀರಿ. ಆ ಕಡಿಂದ ತಗೋರಿ."

ಸಲಿಕೆಯವರು ನಕ್ಕರು. ಸಿದ್ರಾಮ ಹಸಿರು ನೋಡಿದ, ಅವರಿಗೆ ಕೈ ಮಾಡಿದ. ಸಲಿಕೆಗಳು ರಾಶಿಯ ಆಚೆ ಬದಿಗೆ ಹೋದವು. ದಿನವಿಡೀ ಅವಳು ಆ ಕಡೆಯ ಮರಳನ್ನೇ ಹೊತ್ತಳು, ಕಣ್ಣು ಮಾತ್ರ ಈ ಕಡೆ.

ಹತ್ತನೆಯ ದಿನ ಮಧ್ಯಾಹ್ನ ಮೆಂತ್ಯೆ ಕಿತ್ತು, ಮೂರು ನೀರಿನಲ್ಲಿ ತೊಳೆದಳು. ಗಂಟು ಬಿಚ್ಚಿ ಉಪ್ಪು, ಗುರೆಳ್ಳಿನ ಚಟ್ನಿಪುಡಿ ತೆಗೆದಳು. ಒಂದು ಹಿಡಿ ಸಿದ್ರಾಮನಿಗೂ ಕೊಟ್ಟಳು. ಜೋಳದ ರೊಟ್ಟಿಯ ಜೊತೆ ಹಸಿಯಾಗೇ ತಿಂದರು. ಹಲ್ಲಿನಲ್ಲಿ ಮರಳು ಕಚಕ್ಕೆಂದಿತು.

"ಉಸುಕು ಐತಿ," ಎಂದ ಬಾಲಪ್ಪ.

"ಇರ್ಲಿ, ತಿನ್ನು."

ಅವಳಿಗೆ ಸಂತೋಷವಾಗಿತ್ತು, ಹಿಡಿಸಲಾರದಷ್ಟು. ಊಟ ಮುಗಿಸಿ ಬಾಲಪ್ಪ ರೂಢಿಯಂತೆ ಗಂಟು ಕಟ್ಟಲು ಸೀರೆಯ ತುದಿ ಎಳೆದುಕೊಂಡ.

"ಕಟ್ಟಬ್ಯಾಡ."

"ಮತ್ತ ಸ್ಟೇ ಬಂದ್ರ?"

"ಬಂದಾಗ ಕಟ್ಟಿದ್ರಾತು."

ಹಸಿರು ಸೀರೆಯನ್ನು ಅವಳು ಸಂಜೆ ಒಗೆದು ಒಣಹಾಕಿದಳು. ಮರುದಿನ ಅದನ್ನೇ ಉಟ್ಟು ಕೆಲಸಕ್ಕೆ ಹೋದಳು.