ಗೆರೆ ಅಳಿಸಿದ ಕಲ್ಲು

ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಮಿರಾಕಲ್ ಕಥೆ ಬಂದರೆ ಕಿಟಕಿಯಾಚೆ ನೋಡುತ್ತಿದ್ದೆ. ಆಮೇಲೆ ಎಣ್ಣೆ ಬಾವಿಗಳ ಲ್ಯಾಬೊಂದರಲ್ಲಿ ಕಲ್ಲು ಅಳೆಯುವ ಕೆಲಸ ಸಿಕ್ಕಿತು. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಅನ್ನುವಷ್ಟು ಗಟ್ಟಿಯಾದೆ.

ನೆಲದಾಳದಿಂದ ಕೊರೆದು ತೆಗೆದ ಮರಳುಗಲ್ಲಿನ ತುಂಡನ್ನು ನಾವು ಕೋರ್ ಎನ್ನುತ್ತಿದ್ದೆವು. ಅದರೊಳಗೆ ಎಣ್ಣೆ ಎಲ್ಲ ಕಡೆಗೂ ಒಂದೇ ಸಮ ಹರಿಯುವುದಿಲ್ಲ. ಒಂದು ದಿಕ್ಕಿಗೆ ಸಲೀಸು, ಇನ್ನೊಂದಕ್ಕೆ ಕಷ್ಟ. ಕಲ್ಲಿನ ಮೇಲೆ ಉತ್ತರ ತೋರಿಸುವ ಕೆಂಪು ಗೆರೆ ಇದ್ದರಷ್ಟೇ ಆ ಸಲೀಸಿನ ದಿಕ್ಕು ಯಾವುದೆಂದು ಹೇಳಬಹುದು. ಒಮ್ಮೆ ಸಾಲ್ವೆಂಟಿನಲ್ಲಿ ತೊಳೆಯುವಾಗ ಆ ಗೆರೆಯನ್ನು ನಾನೇ ಅಳಿಸಿಬಿಟ್ಟೆ. ಮುಂದಿನ ಬಾವಿ ಎಲ್ಲಿ ಕೊರೆಯಬೇಕೆಂಬುದು ನನ್ನ ರಿಪೋರ್ಟಿನ ಮೇಲೆ ನಿಂತಿತ್ತು. ಯಾರಿಗೂ ಹೇಳುವ ಧೈರ್ಯ ಬರಲಿಲ್ಲ. ಕಲ್ಲನ್ನು ಸೀರೆಯಲ್ಲಿ ಸುತ್ತಿಕೊಂಡು, ಲೀವ್ ಹಾಕಿ, ಹುಣಸೂರಿನ ಹತ್ತಿರ ಕಟ್ಟೆಮಳಲವಾಡಿಯ ಅಣ್ಣನ ಮನೆಗೆ ಬಂದೆ.

ಮಧ್ಯಾಹ್ನ ಜಗಲಿಯಲ್ಲಿ ಕೂತು ಕಲ್ಲಿನ ಮೇಲೆ ಒಂದು ಹನಿ ನೀರು ಬಿಟ್ಟೆ. ಪಕ್ಕದಲ್ಲಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಆಳು ಪುಟ್ಟಮ್ಮ, "ಇಸ್ಟು ಓದಿ ಕಲ್ಲಿಗೆ ನೀರು ಬುಡೋ ಕೆಲ್ಸವೇನ್ರವ್ವ? ನಮ್ಮ ಪೂಜಾರಪ್ಪ ಓದ್ದೇನೇ ಮಾಡ್ತನೆ ಕಣ್ರವ್ವ," ಎಂದಳು.

ಹನಿ ಸಲೀಸಿನ ದಿಕ್ಕಿಗೆ ಅವರೆಕಾಯಿಯ ಹಾಗೆ ಉದ್ದಕ್ಕೆ ಹರಡಿ ಕಲೆಯಾಯಿತು. ತುದಿ ಸೊಪ್ಪು ಒಣಗಿಸುವ ಬ್ಯಾರನ್ನಿನ ಕಡೆಗೆ, ಅಂದರೆ ಆಗ್ನೇಯಕ್ಕೆ. ಒಣಗಿದ ಮೇಲೆ ಕಲ್ಲನ್ನು ಕಾಲು ಸುತ್ತು ತಿರುಗಿಸಿ ಮತ್ತೊಂದು ಹನಿ ಬಿಟ್ಟೆ. ಕಲ್ಲು ತಿರುಗಿದರೆ ಕಲೆಯೂ ತಿರುಗಬೇಕು. ತಿರುಗಲಿಲ್ಲ. ಜಗಲಿ ಇಳಿಜಾರಿರಬಹುದೆಂದು ಒಳಗೆ ಟೇಬಲ್ಲಿನ ಮೇಲಿಟ್ಟು ನೋಡಿದೆ. ಅಲ್ಲೂ ಆಗ್ನೇಯಕ್ಕೇ. ಬಿಸಿಲು, ಬೆಂದ ಸೊಪ್ಪಿನ ಸಿಹಿ ವಾಸನೆ, ಕಣ್ಣಿಗೆ ಜೊಂಪು. ಕನಸೇನೋ ಎಂದು ಪುಟ್ಟಮ್ಮನನ್ನೇ ಕರೆದು ತೋರಿಸಿದೆ.

"ಒಳೆ ಮರಳಲ್ವ ಇದು? ಅದ್ರ ದಾರಿ ಅದು ಮರೀತದಾ," ಎಂದು ಅವಳು ಮತ್ತೆ ಸೊಪ್ಪಿನ ಮುಂದೆ ಕೂತಳು. ಎಂದೋ ಹರಿದ ಹೊಳೆಯ ಮರಳೇ ಆ ಕಲ್ಲಾಗಿತ್ತೆಂದು ನಾನು ಅವಳಿಗೆ ಹೇಳಿರಲಿಲ್ಲ.

ರಿಪೋರ್ಟಿನಲ್ಲಿ ಆಗ್ನೇಯ ಎಂದು ಬರೆದೆ. ಹೇಗೆ ಗೊತ್ತಾಯಿತೆಂದು ಬರೆಯಲಿಲ್ಲ. ಹೊಸ ಬಾವಿಯ ಕೋರ್ ಬಂತು, ಗೆರೆ ಅಳಿಯದ್ದು. ಅದೂ ಅದೇ ದಿಕ್ಕು ತೋರಿಸಿತು. ಸಾಹೇಬರು ಎಲ್ಲರೆದುರು ವೆಲ್ ಡನ್ ಎಂದರು. ಆ ಮಾತು ಇವತ್ತಿಗೂ ನನ್ನದೆನಿಸಿಲ್ಲ.

ಕಲ್ಲು ಈಗ ಹುಣಸೂರಿನಲ್ಲಿ, ನನ್ನ ಮನೆಯ ಟೇಬಲ್ಲಿನ ಮೇಲಿದೆ. ಕೆಲವು ಮಧ್ಯಾಹ್ನ ಒಂದು ಹನಿ ಬಿಟ್ಟು, ಕಾದು, ತಿರುಗಿಸಿ, ಮತ್ತೊಂದು ಹನಿ ಬಿಡುತ್ತೇನೆ. ಕಲೆ ಕಲ್ಲಿನ ಜೊತೆಗೇ ತಿರುಗುತ್ತದೆ, ಬೇರೆಲ್ಲ ಕಲ್ಲುಗಳ ಹಾಗೆ.