ರೆಕ್ಕೆಯ ಕೆಳಗೆ ಹಚ್ಚಿದ ಕರ್ಪೂರ

ಆ ರೆಕ್ಕೆಗೆ ಬೆಂಕಿ ಹೊತ್ತಿಸಿದವಳು ನಾನು. ವಾಸು ಅಲ್ಲ. ಅವರ ಸಿಗರೇಟೂ ಅಲ್ಲ.

ಇಷ್ಟು ಬರೆಯಲು ನನಗೆ ಅರ್ಧ ಆಯುಷ್ಯ ಬೇಕಾಯಿತು. ಬರೆದ ಮೇಲೆ ನೋಡಿದರೆ — ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಮಾತು. ಓದುತ್ತಿರುವವರಲ್ಲಿ ಹಳೆಯ ವಿಮಾನಗಳ ಹುಚ್ಚಿನವರು ಯಾರಾದರೂ ಇದ್ದರೆ 'ಸಿಗರೇಟ್ ವಾಸು' ಎಂಬ ಹೆಸರನ್ನು ಕೇಳಿಯೇ ಇರುತ್ತೀರಿ. ನಕ್ಕೂ ಇರುತ್ತೀರಿ. ಆ ಹೆಸರು ಹುಟ್ಟಿದ್ದು ನನ್ನ ಬಾಯಿಂದ. ಅದನ್ನು ಅಳಿಸುವ ಕೆಲಸವೂ ನನ್ನದೇ ಆಗಬೇಕು.

ನನ್ನ ಯಜಮಾನರು ರಾಮಪ್ರಸಾದ್ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದರು. ನಮ್ಮ ಮನೆ ಜಯನಗರದಲ್ಲಿ. ಬೇರೆಯವರು ಮಗಳ ಮದುವೆಗೆಂದು ಸೈಟು ಮಾಡಿದರೆ ಇವರು ವಿಮಾನ ನಿಲ್ಲಿಸಲು ಅರೆಕೆರೆಯಲ್ಲಿ ಸೈಟು ಮಾಡಿದರು. ಆಗ ಅಲ್ಲಿ ಸುತ್ತ ರಾಗಿ ಹೊಲ. ದೊಡ್ಡದೊಂದು ತಗಡಿನ ಶೆಡ್ಡು ಹಾಕಿದರೂ ಕೇಳುವವರಿರಲಿಲ್ಲ. ಸೇನೆ ಬಳಸಿ ಬಿಟ್ಟ ವಿಮಾನಗಳು ಗುಜರಿಗೆ ಬಂದಾಗ ಹೋಗಿ ಹರಾಜು ಕೂಗಿ, ಲಾರಿಯಲ್ಲಿ ಹೇರಿಕೊಂಡು ಬರುತ್ತಿದ್ದರು. ಹೀಗೆ ಮೂರು ಬಂದು ಸೇರಿದವು: ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಜೋಡಿ ರೆಕ್ಕೆಯ ಹಳೆಯದೊಂದು, ಮೂತಿ ಜಜ್ಜಿಹೋದ ಒಂದು ಜೆಟ್, ಗಡಿಯ ಮೇಲೆ ಕಾವಲು ಹಾರುತ್ತಿದ್ದ ಸಣ್ಣದೊಂದು. ಮನೆಯ ಫ್ರಿಜ್ ಕೆಟ್ಟು ತಿಂಗಳಾದರೂ ತಿರುಗಿ ನೋಡದ ಮನುಷ್ಯ, ವಿಮಾನದ ಒಂದು ನಟ್ಟು ಸಿಗದಿದ್ದರೆ ಊಟ ಬಿಡುತ್ತಿದ್ದರು. "ಮೂರು ಸವತಿಯರು" ಎಂದು ನಾನು ಅವುಗಳಿಗೆ ಹೆಸರಿಟ್ಟಿದ್ದೆ.

ವಾಸು ಅವರದು ಅದೇ ಕಾರ್ಖಾನೆ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ಬಸ್ಸಿನಲ್ಲಿ ಓಡಾಡಿದವರು. ನನ್ನನ್ನು ಬಾಯ್ತುಂಬ "ಅತ್ತಿಗೆ" ಎನ್ನುತ್ತಿದ್ದರು. ಇಂಜಿನ್ ಮತ್ತು ಲೋಹದ ಕೆಲಸ ಇವರದಾದರೆ ಮರ ಮತ್ತು ಬಟ್ಟೆಯ ಕೆಲಸ ಅವರದು. ಹೌದು, ಬಟ್ಟೆಯದೇ. ಆ ಜೋಡಿ ರೆಕ್ಕೆಯ ವಿಮಾನದ ರೆಕ್ಕೆಗಳೆಂದರೆ ಮರದ ಪಕ್ಕೆಲುಬು, ಮೇಲೆ ಹೊದಿಸಿದ ಹತ್ತಿ ಬಟ್ಟೆ. ನನಗೆ ಹೊಲಿಗೆ ಬರುತ್ತಿತ್ತು. ನಮ್ಮ ಮನೆಯ ಹಾಲ್‌ನಲ್ಲೇ ಮಿಷಿನ್ ಇಟ್ಟು ಉದ್ದುದ್ದ ಪಟ್ಟಿಗಳನ್ನು ಕೂಡಿಸಿ ಕೊಟ್ಟವಳು ನಾನೇ. ಸವತಿಗೆ ಸೀರೆ ಹೊಲಿದ ಹಾಗೆ. ಬೇಸರವೆಂದು ಹೇಳಿಕೊಂಡರೂ ಆ ದಿನಗಳಲ್ಲಿ ನಾನು ಖುಷಿಯಾಗಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ಹೊದಿಸಿದ ಬಟ್ಟೆಯ ಮೇಲೆ ಡೋಪ್ ಎಂಬ ಒಂದು ಅಂಟುಬಣ್ಣ ಹಚ್ಚುತ್ತಾರೆ. ಒಣಗುತ್ತ ಒಣಗುತ್ತ ಅದು ಬಟ್ಟೆಯನ್ನು ಎಳೆದು ತಮಟೆಯ ಹಾಗೆ ಬಿಗಿ ಮಾಡುತ್ತದೆ. ಶೆಡ್ಡಿನ ತುಂಬ ಕಳಿತ ಬಾಳೆಹಣ್ಣಿನ ವಾಸನೆ ಬರುತ್ತಿತ್ತು. ಒಳ್ಳೆಯ ವಾಸನೆಯೇ — ಆದರೆ ಆ ಆವಿಗೆ ಒಂದು ಕಿಡಿ ತಗುಲಿದರೆ ಮುಗಿಯಿತು. ವಾಸು ಅವರಿಗೆ ಸಿಗರೇಟಿನ ಚಟವಿತ್ತು. ಆದರೂ ಒಳಗೆ ಬರುವ ಮುಂಚೆ ಸಿಗರೇಟು, ಬೆಂಕಿಪೊಟ್ಟಣ ಎರಡನ್ನೂ ಹೊಂಗೆಮರದ ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ಇಟ್ಟೇ ಬರುತ್ತಿದ್ದರು. ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ಹಾಗೆ. ಒಂದು ದಿನವೂ ತಪ್ಪಿದ್ದಿಲ್ಲ. ನಾನು ಕಣ್ಣಾರೆ ಕಂಡವಳು.

ಆಯುಧಪೂಜೆಗೆ ರೆಕ್ಕೆ ಸಿದ್ಧವಾಗಬೇಕೆಂದು ಗೆಳೆಯರಿಬ್ಬರೂ ಹಟ ತೊಟ್ಟಿದ್ದರು. ಹಿಂದಿನ ಸಂಜೆ ಕೊನೆಯ ಸಲ ಡೋಪ್ ಹಚ್ಚಿ, ಮರದ ಸ್ಟ್ಯಾಂಡಿನ ಮೇಲೆ ರೆಕ್ಕೆಯನ್ನು ಒಣಗಲು ಬಿಟ್ಟಿದ್ದರು. ಹಬ್ಬದ ಬೆಳಿಗ್ಗೆ ನಾನು ಪೂಜೆಯ ಬುಟ್ಟಿ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದಾಗ ವಾಸು ಅಡ್ಡ ನಿಂತರು.

"ಮಂಗಳಾರತಿ ಗೇಟ್ ಹತ್ರ ಮಾಡೋಣ ಅತ್ತಿಗೆ. ಒಳಗೆ ಕುಂಕುಮ ಇಡಿ, ಹೂ ಹಾಕಿ, ಎಷ್ಟ್ ಬೇಕಾದ್ರೂ ಅಲಂಕಾರ ಮಾಡಿ. ಕರ್ಪೂರ ಮಾತ್ರ ಬೇಡ."

"ಆರತಿ ಇಲ್ದೆ ಅದೆಂಥ ಪೂಜೆ ವಾಸು? ಸ್ಕೂಟರ್‌ಗೂ ಆರತಿ ಎತ್ತಲ್ವಾ?"

"ಸ್ಕೂಟರ್ ಬಟ್ಟೆ ಉಟ್ಕೊಂಡಿರಲ್ವಲ್ಲ ಅತ್ತಿಗೆ!"

ಬಂದ ನೆಂಟರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಯಜಮಾನರು. ನನಗೆ ಮೈಯೆಲ್ಲ ಉರಿಯಿತು. ಬೆಳಗಿನ ಜಾವ ಎದ್ದು ಪುಳಿಯೋಗರೆ ಕಲಸಿದವಳು ನಾನು, ಮಿಷಿನ್ ತುಳಿದು ಕಾಲು ಊದಿಸಿಕೊಂಡವಳು ನಾನು, ಪೂಜೆ ಹೇಗೆ ಮಾಡಬೇಕೆಂದು ಹೇಳಲು ಈ ವಾಸು ಯಾರು — ಎಂದು.

ಗೇಟಿನ ಬಳಿ ಆರತಿಯಾಯಿತು. ಬೂದುಗುಂಬಳಕಾಯಿ ಒಡೆದಾಯಿತು. ಎಲ್ಲರೂ ಹೊಂಗೆಮರದ ನೆರಳಲ್ಲಿ ಊಟಕ್ಕೆ ಕುಳಿತರು. ಬಂದವರೆಲ್ಲ "ಏನ್ ಚೆನ್ನಾಗಿದೆ, ಏನ್ ಹೊಳೀತಿದೆ" ಎಂದು ಆ ರೆಕ್ಕೆಯನ್ನು ಹೊಗಳಿದ್ದೇ ಹೊಗಳಿದ್ದು. ಹಿಂದಿನ ವಾರವಷ್ಟೇ ಯಜಮಾನರು ಏಣಿಯಿಂದ ಬಿದ್ದು ಸೊಂಟ ನೋಯಿಸಿಕೊಂಡಿದ್ದರು. ದೃಷ್ಟಿಯಾಗಿದೆ, ಗೇಟಿನ ಹತ್ತಿರ ಎತ್ತಿದ ಆರತಿ ಒಳಗಿರುವುದಕ್ಕೆ ಹೇಗೆ ಮುಟ್ಟುತ್ತದೆ, ಅನ್ನಿಸಿತು. ಗೋಡೆಯ ಮೇಲೆ ವಾಸು ಅವರ ಬೆಂಕಿಪೊಟ್ಟಣ ಕಾಣಿಸಿತು. ಎಲ್ಲರೂ ಊಟದ ಗಲಾಟೆಯಲ್ಲಿದ್ದಾಗ ಕೈಗೆತ್ತಿಕೊಂಡೆ. ಹಿಂದಿನ ಬಾಗಿಲಿನಿಂದ ಒಳಗೆ ಹೋದೆ.

ಭಕ್ತಿಯಿಂದ ಹೋದೆ ಎಂದು ಬರೆದರೆ ನೀವು ನನ್ನನ್ನು ಅರ್ಧ ಕ್ಷಮಿಸಿಬಿಡುತ್ತೀರಿ. ಅದಕ್ಕೇ ಹೇಳುತ್ತೇನೆ. ಭಕ್ತಿ ಅರ್ಧ, ಹಟ ಅರ್ಧ... ಇಲ್ಲ, ಹಟವೇ ಹೆಚ್ಚು. ಬೇಡವೆಂದವರು ಬೇಡವೆಂದ ಜಾಗದಲ್ಲೇ ನಾನು ಆರತಿ ಎತ್ತಬೇಕಾಗಿತ್ತು.

ರೆಕ್ಕೆಗೆ ಇನ್ನೊಂದು ಬೊಟ್ಟು ಕುಂಕುಮವಿಟ್ಟೆ. ವೀಳ್ಯದೆಲೆಯ ಮೇಲೆ ಕರ್ಪೂರವಿಟ್ಟು ಕಡ್ಡಿ ಗೀರಿದೆ. ದೃಷ್ಟಿ ತೆಗೆಯಲು ರೆಕ್ಕೆಯ ಕೆಳಗಿನಿಂದ ಒಂದು ಸುತ್ತು ತಂದೆನೋ ಇಲ್ಲವೋ — ಬುಸ್ಸೆಂದಿತು. ಕರ್ಪೂರದ ಉರಿ ಮೇಲಕ್ಕೆ ಹೋದದ್ದನ್ನು ನಾನು ನೋಡಲಿಲ್ಲ; ಗಾಳಿಯೇ ಹೊತ್ತಿಕೊಂಡ ಹಾಗಾಯಿತು. ನಾನು ಹೊಲಿದ ಹೊಲಿಗೆಗಳ ಮೇಲೆ ಬೆಂಕಿ ಸರಸರನೆ ಓಡಿತು. ಎಲೆ, ಬೆಂಕಿಪೊಟ್ಟಣ ಎಲ್ಲ ಕೈಯಿಂದ ಬಿದ್ದವು.

ಆಗ ನಾನು ಮಾಡಬೇಕಾಗಿದ್ದದ್ದು ಒಂದೇ, ಕೂಗುವುದು. ಕೂಗಲಿಲ್ಲ. ಹಿಂದಿನ ಬಾಗಿಲಿನಿಂದ ಓಡಿಹೋಗಿ ಸುಟ್ಟ ಬೆರಳುಗಳನ್ನು ನೀರಿನ ಡ್ರಮ್ಮಿನಲ್ಲಿ ಅದ್ದಿದೆ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ, ಆಮೇಲೆ ಎಲ್ಲರಿಗಿಂತ ಹಿಂದೆ ನಿಂತು "ಬೆಂಕಿ ಬೆಂಕಿ" ಎಂದೆ. ಅಷ್ಟು ಹೊತ್ತಿಗೆ ಹೊಗೆ ಕಂಡು ಊಟದ ಎಲೆ ಬಿಟ್ಟು ಒಳಗೆ ನುಗ್ಗಿದ್ದವರು ವಾಸು. ಒದ್ದೆ ಗೋಣಿಚೀಲ ಹೊದ್ದು, ಉರಿಯುವ ರೆಕ್ಕೆಯನ್ನು ಇವರ ಜೊತೆ ಅಂಗಳಕ್ಕೆ ಎಳೆದು ತಂದು, ಮಣ್ಣು ಸುರಿದು ಆರಿಸಿದರು. ಹಾಗೆ ಎಳೆಯದಿದ್ದರೆ ಮೂರೂ ವಿಮಾನ ಅಂದೇ ಬೂದಿ. ಅವರ ಹುಬ್ಬುಗಳು ಸುಟ್ಟು ಹೋಗಿದ್ದವು.

ಯಜಮಾನರು ಒಳಗೆ ಹೋಗಿ ಬಂದರು. ಕೈಯಲ್ಲಿ ಬೆಂಕಿಪೊಟ್ಟಣ. "ಒಳಗೆ ಯಾರಿದ್ರು?" ಎಂದು ಕೇಳಿದರು. ನನ್ನನ್ನೇ ನೋಡಿ ಕೇಳಿದರು.

"ಊಟಕ್ ಮುಂಚೆ ವಾಸು ಒಳಗಿಂದ ಬಂದ್ರಲ್ಲ" ಎಂದೆ.

ಅದು ಸುಳ್ಳಲ್ಲ. ಮರೆತ ಕನ್ನಡಕ ತರಲು ಅವರು ಒಳಗೆ ಹೋಗಿ ಬಂದಿದ್ದರು. ಸುಳ್ಳು ಹೇಳಲಿಲ್ಲವಲ್ಲ, ಇದ್ದದ್ದನ್ನೇ ಹೇಳಿದೆನಲ್ಲ ಎಂದು ಎಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆನೋ. ಆದರೆ ಎರಡನೆಯ ಮಾತಿಗೆ ಆ ನೆಪವೂ ಇಲ್ಲ. ವಾಸು ನನ್ನ ಕಡೆ ತಿರುಗಿ, "ಅತ್ತಿಗೆ, ನನ್ನ ಬೆಂಕಿಪೊಟ್ಟಣ ಗೋಡೆ ಮೇಲಿತ್ತಲ್ವಾ? ನೀವು ನೋಡಿದ್ರಲ್ವಾ?" ಎಂದರು.

"ನಾನು ನೋಡ್ಲಿಲ್ಲ."

ಅದು ಸುಳ್ಳು. ಹಸಿ ಸುಳ್ಳು.

ಯಜಮಾನರು ಆ ಪೊಟ್ಟಣವನ್ನು ವಾಸು ಅವರ ಎದೆಗೆ ಬೀಸಿ ಒಗೆದರು. "ನಿನ್ ಒಂದ್ ಸಿಗರೇಟಿಗೆ ನನ್ ವಿಮಾನ ಸುಟ್ಟೆಯಲ್ಲೋ. ಇನ್ಮೇಲೆ ಈ ಗೇಟ್ ದಾಟ್ಬೇಡ." ವಾಸು ಬಗ್ಗಿ ಪೊಟ್ಟಣ ಎತ್ತಿಕೊಂಡರು. ಅದನ್ನು ತಿರುಗಿಸಿ ನೋಡಿದರು. ಏನೋ ಹೇಳಲು ಬಾಯಿ ತೆರೆದರು, ನನ್ನನ್ನು ನೋಡಿದರು, ಹೇಳಲಿಲ್ಲ. ಹೊರಟುಹೋದರು. ನನ್ನ ಬೆರಳಿನ ಬೊಬ್ಬೆಗೆ ಬೋಂಡದ ಎಣ್ಣೆ ಸಿಡಿಯಿತು ಎಂದೆ. ಮನೆಯಲ್ಲಿ ಎಲ್ಲರೂ ನಂಬಿದರು.

ಆಮೇಲೆ ಆ ಕಥೆಗೆ ಕಾಲು ಬಂತು. ವಿಮಾನದವರ ಬಳಗ ಸಣ್ಣದು. ಎಲ್ಲರಿಗೂ ಎಲ್ಲರೂ ಗೊತ್ತು. 'ಸಿಗರೇಟ್ ವಾಸು' ಎಂಬ ಹೆಸರು ಅಂಟಿಕೊಂಡಿತು. ತಮ್ಮ ವಿಮಾನದ ಬಟ್ಟೆ ಕೆಲಸಕ್ಕೆ ಅವರನ್ನು ಕರೆದಿದ್ದವರೊಬ್ಬರು ಬೇಡವೆಂದರು. ಮತ್ತೆ ಯಾರೂ ಕರೆಯಲಿಲ್ಲ. ಆ ಕೈ ಅಷ್ಟು ಚೆನ್ನಾಗಿ ಬಲ್ಲ ಕೆಲಸವನ್ನು ನಾನು ಎರಡು ಮಾತಿನಲ್ಲಿ ಕಸಿದುಕೊಂಡೆ. ಯಜಮಾನರು ಆ ಸುಟ್ಟ ರೆಕ್ಕೆಯನ್ನು ಟಾರ್ಪಾಲಿನಿಂದ ಮುಚ್ಚಿ ಮೂಲೆಗಿಟ್ಟರು, ಸಾಯುವವರೆಗೆ ಮುಟ್ಟಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಒಮ್ಮೆ "ವಾಸು ಬಂದಿದ್ನಾ?" ಎಂದು ಕೇಳಿದರು. ಹೇಳಿಬಿಡಬಹುದಿತ್ತು. ಆ ಕ್ಷಣ... "ಇಲ್ಲ" ಎಂದಷ್ಟೇ ಹೇಳಿ ದಿಂಬು ಸರಿ ಮಾಡಿದೆ. ಬನಶಂಕರಿಯ ಚಿತಾಗಾರಕ್ಕೆ ವಾಸು ಬಂದಿದ್ದರು. ಗೇಟಿನ ಹೊರಗೇ ನಿಂತಿದ್ದರು, ಒಳಗೆ ಬರಲಿಲ್ಲ. ನಾನು ಕರೆಯಲೂ ಇಲ್ಲ.

ಈಗ ಆ ಮೂರು ವಿಮಾನಗಳ ಯಜಮಾನಿ ನಾನು. ಅರೆಕೆರೆಯಲ್ಲಿ ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿವೆ. ಸೈಟು ಕೊಡಿ ಎಂದು ಬರುವವರಿಗೆ ಲೆಕ್ಕವಿಲ್ಲ. ಕೊಡುವುದಿಲ್ಲ. ಮೂರನ್ನೂ ಸರಿಪಡಿಸಿ ಶಾಲೆಯ ಮಕ್ಕಳಿಗೆ ನೋಡಲು ತೆರೆಯಬೇಕೆಂದು ಪಣ ತೊಟ್ಟಿದ್ದೇನೆ. ಬಿಟಿಎಂ ಲೇಔಟಿನ ನಿಖಿತಾ ಎಂಬ ಇಂಜಿನಿಯರ್ ತನ್ನ ಗೆಳೆಯರ ಜೊತೆ ಭಾನುವಾರ ಬಂದು ಕೆಲಸ ಮಾಡುತ್ತಾಳೆ. ಈ ಬೇಸಿಗೆಯಲ್ಲಿ ಟಾರ್ಪಾಲು ತೆಗೆದ ದಿನ ಕರಕಲಾದ ಪಕ್ಕೆಲುಬುಗಳನ್ನು ಸವರುತ್ತ ಅವಳು ಕೇಳಿದಳು:

"ಆಂಟಿ, ಸಿಗರೇಟ್ ವಾಸು ಸುಟ್ಟಿದ್ ರೆಕ್ಕೆ ಇದೇನಾ? ನಮ್ ಗ್ರೂಪಲ್ಲಿ ಸಖತ್ ಫೇಮಸ್ ಕಥೆ."

ವಾಸು ಅವರ ಮುಖವನ್ನೇ ನೋಡದ ಹುಡುಗಿ. ಅವಳ ಬಾಯಲ್ಲೂ ಅದೇ ಹೆಸರು. ನಾನು ಸತ್ತ ಮೇಲೂ ಆ ಹೆಸರು ಬದುಕಿರುತ್ತದೆ ಎಂದು ಆಗ ಹೊಳೆಯಿತು. "ಅವರು ಸುಟ್ಟಿದ್ದಲ್ಲಮ್ಮ, ನಾನು" ಎಂದೆ. ಅವಳು ತಮಾಷೆ ಎಂದುಕೊಂಡು ನಕ್ಕಳು. ನನ್ನ ಮುಖ ನೋಡಿ ರೆಕ್ಕೆಯಿಂದ ಕೈ ತೆಗೆದಳು.

ಮರುದಿನ ಯಡಿಯೂರಿಗೆ ಹೋದೆ. ವಾಸು ಅವರ ಮನೆ ಕೆರೆಯ ಹತ್ತಿರವೇ. ಅವರು ಕೆರೆಯ ಸುತ್ತ ವಾಕಿಂಗ್ ಬರುವ ಹೊತ್ತು ಗೊತ್ತಿದ್ದುದರಿಂದಲೇ ಇಷ್ಟು ವರ್ಷ ಆ ದಾರಿ ತಪ್ಪಿಸಿದ್ದವಳು, ಅಂದು ಬಾಗಿಲು ತಟ್ಟಿದೆ. ಅವರೇ ತೆಗೆದರು.

"ಬನ್ನಿ ಮೇಡಂ" ಎಂದರು.

ಮೇಡಂ. ಅಪರಿಚಿತರನ್ನು ಕರೆಯುವ ಹಾಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೂರದೆ, ನಿಂತೇ ಎಲ್ಲ ಹೇಳಿದೆ. ಮುಗಿದ ಮೇಲೆ ಅವರು ಹೇಳಿದರು: "ಗೊತ್ತಿತ್ತು ಮೇಡಂ. ರಾಮು ಎಸೆದ್ನಲ್ಲ, ಆ ಬೆಂಕಿಪೊಟ್ಟಣದ ಮೇಲೆ ಕುಂಕುಮದ ಬೆರಳಿನ ಗುರುತಿತ್ತು."

ನನ್ನ ಬೆರಳು. ರೆಕ್ಕೆಗೆ ಬೊಟ್ಟಿಟ್ಟು ಹಾಗೇ ಕಡ್ಡಿ ಗೀರಿದ ಬೆರಳು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ವಾಸು?"

"ಅಷ್ಟ್ ಜನದ್ ಮುಂದೆ ಗೆಳೆಯನ ಹೆಂಡ್ತಿನ ಹೇಗ್ ತೋರಿಸ್ಲಿ? ನೀವೇ ಹೇಳ್ತೀರ ಅಂದ್ಕೊಂಡೆ. ಇವತ್ ಹೇಳ್ತೀರ, ನಾಳೆ ಹೇಳ್ತೀರ ಅಂತ ಕಾದೆ." ಆಮೇಲೆ, "ರಾಮು ಇರೋವಾಗ ಹೇಳಿದ್ರೆ ಸಾಕಾಗಿತ್ತು" ಎಂದರು.

ನಾನು ಕೈಮುಗಿದೆ. ಕ್ಷಮಿಸಿ ಎನ್ನುವಷ್ಟರಲ್ಲಿ ಅವರೇ ತಡೆದರು. "ನನ್ ಹತ್ರ ಹೇಳಿ ಏನ್ ಪ್ರಯೋಜನ ಮೇಡಂ? ನಂಗೆ ಗೊತ್ತಿರೋದೇ. ಗೊತ್ತಿಲ್ದೋರಿಗೆ ಹೇಳಿ."

ಅದಕ್ಕೇ ಈ ಬರಹ. ಗೊತ್ತಿಲ್ಲದವರು ನೀವು.

ರೆಕ್ಕೆಗೆ ಹೊಸ ಬಟ್ಟೆ ಹೊಲಿಯುತ್ತಿದ್ದೇನೆ. ಕಣ್ಣು ಮಂಜು, ಸೂಜಿಗೆ ದಾರ ಪೋಣಿಸಲು ನಿಖಿತಾ ಬೇಕು, ಆದರೂ ಹೊಲಿಯುವವಳು ನಾನೇ. ತುದಿಯ ಒಂದು ಪಕ್ಕೆಲುಬನ್ನು ಮಾತ್ರ ಬದಲಾಯಿಸಬೇಡಿ, ಅದರ ಮೇಲೆ ಬಟ್ಟೆ ಮುಚ್ಚಬೇಡಿ ಎಂದಿದ್ದೇನೆ. ಕರಕಲಾದ ಆ ಮರ ಬಂದವರಿಗೆಲ್ಲ ಕಾಣಬೇಕು. "ಚೆನ್ನಾಗಿ ಕಾಣಲ್ಲ ಆಂಟಿ" ಎಂದು ಅವಳು ಗೊಣಗಿದಳು. ಚೆನ್ನಾಗಿ ಕಾಣಬೇಕಾಗಿಲ್ಲ.

ಈ ಆಯುಧಪೂಜೆಗೆ ಶೆಡ್ಡಿನ ಬಾಗಿಲು ತೆರೆಯುತ್ತೇವೆ. ಆರತಿ ಗೇಟಿನ ಬಳಿಯೇ. ವಾಸು ಅವರನ್ನು ಕರೆದಿದ್ದೇನೆ. ಬರುತ್ತೇನೆ ಎಂದಿಲ್ಲ, ಬರಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ. ಇನ್ನೊಮ್ಮೆ "ಅತ್ತಿಗೆ" ಎನ್ನಲಿ ಎಂಬ ಆಸೆಯನ್ನೂ ಬಿಟ್ಟಿದ್ದೇನೆ — ಬಿಟ್ಟಿದ್ದೇನೆ ಎಂದುಕೊಂಡಿದ್ದೇನೆ. ಅವರು ಬರಲಿ ಬಿಡಲಿ, ಆ ಪಕ್ಕೆಲುಬಿನ ಪಕ್ಕ ನಾನು ನಿಂತಿರುತ್ತೇನೆ. ಯಾವ ಮಗು ಬಂದು "ಇದು ಯಾಕೆ ಸುಟ್ಟಿದೆ ಅಜ್ಜಿ?" ಎಂದು ಕೇಳಿದರೂ, ಕಾಲಲ್ಲಿ ಶಕ್ತಿ ಇರುವವರೆಗೆ ಪ್ರತಿ ವರ್ಷ ನಿಂತು ಒಂದೇ ಉತ್ತರ ಹೇಳುತ್ತೇನೆ. ಬೆಂಕಿಪೊಟ್ಟಣ ವಾಸು ಅವರದು. ಅದರ ಮೇಲಿದ್ದ ಕುಂಕುಮ ನನ್ನದು.