ಹಸಿ ಹೊನ್ನೆ ಹೊತ್ತು ಭದ್ರಾವತಿಗೆ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಗೋಪಾಳದ ಮನೆಯಿಂದ ಹೊರಟೆ. ಸರ್ಕಾರಿ ಬಸ್ಸಾದರೆ ಹೆಂಗಸರಿಗೆ ಟಿಕೆಟ್ಟಿಲ್ಲ, ಆದರೆ ಅದು ಬರುವವರೆಗೆ ನಿಲ್ಲುವ ಸಹನೆ ನನಗಿರಲಿಲ್ಲ. ಎದುರಿಗೆ ಸಿಕ್ಕ ಖಾಸಗಿ ಬಸ್ಸು ಹತ್ತಿದೆ. ಭದ್ರಾವತಿಗೆ ಇಪ್ಪತ್ತು ಕಿಲೋಮೀಟರಿನ ಒಳಗೇ. ಮೊದಲು ಇಳಿಯಬೇಕಾದದ್ದು ಅರ್ಧ ದಾರಿಯ ಮಾಚೇನಹಳ್ಳಿಯಲ್ಲಿ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ರಜಾದಿನಗಳಲ್ಲಿ ನಮ್ಮ ಹೆಂಗಸರ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಅಂಗಡಿಯ ಬೇಸ್‌ಗಳ ಕತ್ತು, ಅಂದರೆ ತಂತಿ ಒತ್ತಿ ಹಿಡಿಯುವ ಉದ್ದನೆಯ ಭಾಗ, ನನ್ನ ಗಿಡ್ಡ ಬೆರಳಿಗೆ ದಪ್ಪ. ಹಾಗಾಗಿ ಹೋದ ವರ್ಷ ನಾನೇ ಒಂದು ಮಾಡಿಕೊಂಡೆ. ಅದರ ನಾಲ್ಕು ತಂತಿ ಸೇರಿದರೆ ಒಬ್ಬ ಆಳನ್ನು ಎತ್ತುವಷ್ಟು ಎಳೆಯುತ್ತವೆ. ಮಳೆಗಾಲ ಮುಗಿಯುವಷ್ಟರಲ್ಲಿ ಕತ್ತು ಬಿಲ್ಲಿನಂತೆ ಬಾಗಿತ್ತು. ಇನ್ನೆರಡು ವಾರಕ್ಕೆ ಕಾರ್ಯಕ್ರಮ. ಆರ್ಕೆಸ್ಟ್ರಾ ನಡೆಸುವ ಸುಮಾ ಹಿಂದಿನ ದಿನವಷ್ಟೇ ಫೋನ್ ಮಾಡಿದ್ದಳು. "ಆಗದಿದ್ರೆ ಹೇಳಿಬಿಡು ಮಾರಾಯ್ತಿ. ಬೇಸ್ ಭಾಗ ಕೀಬೋರ್ಡಿನವಳು ಎಡಗೈಯಲ್ಲೇ ನುಡಿಸ್ತಾಳಂತೆ."

ಎಡಗೈಯಲ್ಲೇ! ಮಲವಗೊಪ್ಪ ದಾಟಿದರೂ ಆ ಮಾತು ತಲೆಯಿಂದ ಇಳಿಯಲಿಲ್ಲ.

ಮಾಚೇನಹಳ್ಳಿಯ ಮರದ ವರ್ಕ್‌ಶಾಪಿನಲ್ಲಿ ಹೊಸ ಕತ್ತಿಗೆ ಮರ ಹುಡುಕುವಾಗ ಕೆಂಪು ಹೊನ್ನೆಯ ಹಲಗೆಯೊಂದು ಕಣ್ಣಿಗೆ ಬಿತ್ತು. ನಾಲ್ಕಡಿ ಉದ್ದ, ಒಂದೂ ಗಂಟಿಲ್ಲ. ಮಾಲೀಕ, "ಕೊಯ್ದು ಒಂದು ತಿಂಗಳಷ್ಟೇ ಮೇಡಂ, ಇನ್ನೂ ಆರ್ಬೇಕು" ಎಂದ. ನಾನು ಕೇಳಿಸಿಕೊಂಡೂ ಕೇಳಿಸದವಳಂತೆ ದುಡ್ಡು ಕೊಟ್ಟೆ.

ಮುಂದಿನ ಬಸ್ಸಿನ ಕಂಡಕ್ಟರ್ ಹಲಗೆ ನೋಡಿ ಕೇಳಿದ, "ಮಂಚ ಮಾಡ್ಸ್ತೀರಾ?"

"ಗಿಟಾರು."

"ಇದ್ರಲ್ಲಾ!" ಎಂದವನು ಅದನ್ನು ಇಂಜಿನ್ ಪಕ್ಕಕ್ಕೆ ನೂಕಿ, ನನ್ನನ್ನೂ ಅಲ್ಲೇ ನಿಲ್ಲಿಸಿದ. ಕಾಲಿಗೆ ಬಿಸಿ ತಾಗುತ್ತಿತ್ತು. ಭದ್ರಾವತಿಯಲ್ಲಿ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಸಾಲೆದೋಸೆ ಹೇಳಿದೆ. ಅದು ಬರುವ ಮೊದಲೇ ಎದ್ದು, ಬರೀ ಕಾಫಿ ಕುಡಿದು ಆಟೋ ಹಿಡಿದೆ.

ನಾನು ಹುಡುಕಿಕೊಂಡು ಬಂದದ್ದು ಸೆಲ್ವರಾಜರನ್ನು. ಕಾರ್ಖಾನೆಯೊಂದರಲ್ಲಿ ಪ್ಯಾಟರ್ನ್ ಮಾಡುತ್ತಿದ್ದು ನಿವೃತ್ತರಾದವರು. ಎರಕ ಹೊಯ್ಯುವ ಮೊದಲು ಬೇಕಾದ ಯಂತ್ರಭಾಗವನ್ನು ಮರದಲ್ಲಿ ಕೆತ್ತಿ, ಮರಳಿನಲ್ಲಿ ಅಚ್ಚೊತ್ತುತ್ತಾರೆ. ಪ್ಯಾಟರ್ನ್ ಎಂಬ ಆ ಮರದ ಮಾದರಿ ಕೂದಲೆಳೆಯಷ್ಟೂ ಸೊಟ್ಟಗಾಗಬಾರದು. ಹಳೇ ಕ್ವಾರ್ಟರ್ಸಿನ ಹಿತ್ತಿಲ ಶೆಡ್ಡಿನಲ್ಲಿ ಅವರು ಬನಿಯನ್ನಿನಲ್ಲೇ ಕೂತಿದ್ದರು. ಎರಡು ವಾರಕ್ಕೆ ಕಾರ್ಯಕ್ರಮವಿದೆ, ಗಿಟಾರಿನ ಕತ್ತು ಕೆತ್ತಲು ಕಲಿಸಿಕೊಡಿ ಎಂದು ಕೇಳಿ, ಹಲಗೆ ಮುಂದಿಟ್ಟೆ. ಅವರು ಕನ್ನಡಕ ತೆಗೆದು, ಹಲಗೆಗೆ ಕೆನ್ನೆ ಒತ್ತಿದರು.

"ತಣ್ಣಗಿದೆ ನೋಡಮ್ಮಾ. ಒಳಗೆ ಇನ್ನೂ ನೀರು."

ನನ್ನ ಕೆನ್ನೆಯನ್ನೂ ಒತ್ತಿಸಿದರು. ಗಡಿಗೆಗೆ ಮುಖ ಒರಗಿಸಿದ ಹಾಗಿತ್ತು.

"ಇದರಲ್ಲೇ ಕೆತ್ತೋಣ ಅಂದ್ರೆ ಕೆತ್ತೋಣ. ನಿನ್ನ ಪ್ರೋಗ್ರಾಮ್ ಮುಗಿಯುತ್ತೆ. ಆಮೇಲೆ ಇದೂ ಬಾಗುತ್ತೆ."

"ಬೇರೆ ಮರ?"

ಅವರು ಎದ್ದು ಸ್ಟೂಲೊಂದನ್ನು ಎಳೆದುಕೊಂಡರು. ಆಮೇಲೆ ಅಟ್ಟದಿಂದ ಕೆಂಪು ಬಣ್ಣ ಬಳಿದ ಉದ್ದನೆಯ ತೇಗದ ಪ್ಯಾಟರ್ನ್ ಒಂದನ್ನು ಇಳಿಸಿದರು. ಅವರು ಕೊನೆಗೆ ಮಾಡಿದ್ದಂತೆ. ಆರ್ಡರ್ ರದ್ದಾಗಿ ಎರಕ ಹೊಯ್ಯಲೇ ಇಲ್ಲ. "ಮನೆಗೆ ತಂದು ಹನ್ನೆರಡು ವರ್ಷ ಆಯ್ತು, ಹಂಗೇ ನೆಟ್ಟಗಿದೆ. ಆದರೆ ಇದನ್ನ ಸೀಳಿ, ಉದ್ದ ಪಟ್ಟಿ ಮಾಡಿ, ಅಂಟಿಸಿ, ಒಂದು ವಾರ ಬಿಗಿದಿಡಬೇಕು. ಕೆತ್ತೋದು ಅದಾದ ಮೇಲೆ, ಸ್ವಲ್ಪ ಸ್ವಲ್ಪ. ಎರಡು ವಾರಕ್ಕೆಲ್ಲ ಆಗಲ್ಲ."

ಎದ್ದು ಹಿತ್ತಿಲಲ್ಲಿ ಎರಡು ಸುತ್ತು ನಡೆದೆ. ಗೇಟಿನವರೆಗೂ ಹೋಗಿ ಬಂದೆ. ಸುಮಾಗೆ ಫೋನ್ ಹಚ್ಚಿ, "ಈ ಸಲ ಕೀಬೋರ್ಡಿನವಳೇ ನುಡಿಸಲಿ" ಎಂದೆ.

ಅವಳು ಹೇಳಿದಳು, "ಮುಂದಿನ ಸಲ ನಿನ್ನ ಜಾಗ ಹಂಗೇ ಇರುತ್ತೆ ಅಂತ ಮಾತು ಕೊಡಕ್ಕಾಗಲ್ಲ."

"ಗೊತ್ತು."

ಸೆಲ್ವರಾಜ್ ಗರಗಸವನ್ನು ನನ್ನ ಕೈಗೆ ಕೊಟ್ಟರು. "ನೀನೇ ಕೊಯ್ಯಿ. ನನ್ನ ಕೈಯಲ್ಲಿ ಆಗಲ್ಲ." ಶಕ್ತಿ ಇಲ್ಲ ಎಂಬ ಅರ್ಥದಲ್ಲಿ ಅವರು ಅದನ್ನು ಹೇಳಲಿಲ್ಲ. ಮೊದಲ ಎಳೆತಕ್ಕೇ ಕೆಂಪು ಬಣ್ಣ ಸೀಳಿ ಜೇನುಬಣ್ಣದ ಪುಡಿ ಉದುರಿತು. ಅವರು ಗೋಡೆಯತ್ತ ತಿರುಗಿ ಅಂಟಿನ ಡಬ್ಬಿ ಕಲಕುತ್ತಾ ನಿಂತರು. ನಾನು ಜೋರಾಗಿ ಎಳೆದಾಗಲೆಲ್ಲ, ತಿರುಗದೆಯೇ, "ಮೆಲ್ಲ, ಮೆಲ್ಲ" ಎನ್ನುತ್ತಿದ್ದರು.

ಸಂಜೆ ನಾಲ್ಕಕ್ಕೆ ಮೂರು ಪಟ್ಟಿಗಳು ಒಂದಾಗಿ ಆರು ಕ್ಲಾಂಪುಗಳ ಬಿಗಿಯಲ್ಲಿ ಕೂತವು. ನಡುವಿನ ಪಟ್ಟಿಯನ್ನು ತಲೆಕೆಳಗು ಮಾಡಿಸಿದ್ದರು, ಒಂದು ಬಾಗಲು ಹೊರಟರೆ ಇನ್ನೊಂದು ತಡೆಯಲಿ ಎಂದು. ಹೊನ್ನೆಯನ್ನೂ ಅಲ್ಲೇ, ಅಟ್ಟದಲ್ಲಿ ಖಾಲಿಯಾದ ಜಾಗದಲ್ಲಿ ಆರಲು ಮಲಗಿಸಿದೆವು.

ಆಟೋ ಹತ್ತಿ ಹಿಂದಿರುಗಿ ನೋಡಿದೆ. ಬೀಳ್ಕೊಡಲು ಹಿತ್ತಿಲ ಗೇಟಿಗೆ ಬಂದಿದ್ದ ಸೆಲ್ವರಾಜ್ ಆಗಲೇ ಒಳಗೆ ಹೋಗಿದ್ದರು. ತೆರೆದ ಶೆಡ್ಡಿನೊಳಗೆ ಬಗ್ಗಿ, ಕ್ಲಾಂಪಿನಲ್ಲಿ ಬಿಗಿದಿದ್ದ ಆ ತೇಗದ ಮೇಲೆ ಅಂಗೈಯಿಟ್ಟುಕೊಂಡು ನಿಂತಿದ್ದರು.